ಯುದ್ಧದ ಹೊಸ್ತಿಲಿನ ರಾಯಭಾರ ಪತ್ರಗಳು: ನಾನು ಓದುವ ಬಗೆ

18ನೇ ಶತಮಾನದ ರಾಯಭಾರಿಯ ಪತ್ರ ಸಿಕ್ಕರೆ ಒಕ್ಕಣೆಗಿಂತ ಮೊದಲು ಅದರ ಬೆನ್ನು ನೋಡುತ್ತೇನೆ. ಎಷ್ಟೋ ಪತ್ರಗಳ ಹೊರಮೈಯಲ್ಲಿ ಗುಮಾಸ್ತ ಬರೆದ ಷರಾ ಇರುತ್ತದೆ: ಯಾರದು, ಬರೆದದ್ದು ಎಂದು, ತಲುಪಿದ್ದು ಎಂದು. ತಲುಪಿದ ತಾರೀಖೇ ಮುಖ್ಯ. ಮಂತ್ರಿಗಳು ಯುದ್ಧದ ಲೆಕ್ಕ ಹಾಕಿದ್ದು ಕೈಸೇರಿದ ಕಾಗದ ನೋಡಿ; ದಾರಿಯಲ್ಲಿದ್ದ ಕಾಗದ ಅವರ ಪಾಲಿಗೆ ಇಲ್ಲವೇ ಇಲ್ಲ.

ಬ್ರಿಟನ್-ಫ್ರಾನ್ಸ್ ನಡುವಿನ ಏಳು ವರ್ಷಗಳ ಯುದ್ಧದ ಹೊಸ್ತಿಲು, 1755ನ್ನೇ ತೆಗೆದುಕೊಳ್ಳಿ. ಜೂನ್ ಎರಡನೇ ವಾರ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್ ಬಳಿ ಬ್ರಿಟಿಷ್ ನೌಕಾಧಿಪತಿ ಬೊಸ್ಕವೆನ್ ಫ್ರಾನ್ಸಿನ ಎರಡು ಹಡಗು ಹಿಡಿದ. ಸುದ್ದಿ ಲಂಡನ್ ಮುಟ್ಟಿದ್ದು ಜುಲೈ ಮಧ್ಯಕ್ಕೆ. ನಡುವಿನ ವಾರಗಳಲ್ಲಿ ಫ್ರೆಂಚ್ ರಾಯಭಾರಿ ಮಿರ್‌ಪ್ವಾ ಲಂಡನ್ನಿನಲ್ಲಿ ಅಮೆರಿಕದ ಓಹಿಯೋ ಗಡಿಯ ಮಾತುಕತೆಯಲ್ಲೇ ಇದ್ದ. ಬರೆದ ತಾರೀಖಿನಂತೆ ಜೋಡಿಸಿದರೆ ಅವನು ನಟಿಸುತ್ತಿದ್ದಂತೆ ಕಾಣುತ್ತದೆ. ತಲುಪಿದ ತಾರೀಖಿನಂತೆ ಜೋಡಿಸಿದರೆ ಅವನಿಗೆ ಗೊತ್ತೇ ಇರಲಿಲ್ಲ ಎಂಬುದು ತಿಳಿಯುತ್ತದೆ. ಪ್ಯಾರಿಸ್ಸಿನ ಬ್ರಿಟಿಷ್ ರಾಯಭಾರಿ ಆಲ್ಬೆಮಾರ್ಲ್ 1754ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದ, ಆ ಜಾಗಕ್ಕೆ ಬೇರೆ ರಾಯಭಾರಿ ಬರಲಿಲ್ಲ. ಹಾಗಾಗಿ ಈ ಮಾತುಕತೆಗೆ ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಲಯದ ಎಸ್‌ಪಿ 78, ಅಂದರೆ ಫ್ರಾನ್ಸಿಗೆ ಸಂಬಂಧಿಸಿದ ಬ್ರಿಟಿಷ್ ಸರ್ಕಾರಿ ಪತ್ರಗಳ ಕಡತಗಳಷ್ಟೇ ಸಾಲವು. ಮಿರ್‌ಪ್ವಾ ಊರಿಗೆ ಬರೆದ ವರದಿಗಳು ಬೇಕೇ ಬೇಕು.

1752ಕ್ಕೆ ಹಿಂದಿನ ಪತ್ರವಾದರೆ ಪಂಚಾಂಗದ ತೊಡಕು. ಲಂಡನ್ನಿನದು ಹಳೆಯ ಜೂಲಿಯನ್ ಪಂಚಾಂಗ, ಪ್ಯಾರಿಸ್ಸಿನದು ಹೊಸ ಗ್ರೆಗೋರಿಯನ್; ಲಂಡನ್ನಿನ ತಾರೀಖು ಪ್ಯಾರಿಸ್ಸಿಗಿಂತ 11 ದಿನ ಹಿಂದೆ. ಲಂಡನ್ನಿನಲ್ಲಿ ವರ್ಷ ತಿರುಗುತ್ತಿದ್ದದ್ದು ಮಾರ್ಚ್ 25ಕ್ಕೆ. ಫೆಬ್ರವರಿಯ ಪತ್ರವನ್ನು ಇಡೀ ವರ್ಷ ಹಿಂದಿಡುವ ಅನಾಹುತ ಆಗುವುದು ಇಲ್ಲೇ. ಲಂಡನ್ನಿನಿಂದ ಹಾಲೆಂಡಿಗೆ ಟಪಾಲು ಹೊರಡುತ್ತಿದ್ದದ್ದು ಮಂಗಳವಾರ, ಶುಕ್ರವಾರ. ಅನುಮಾನ ಬಂದರೆ ಎರಡೂ ಪಂಚಾಂಗದಲ್ಲಿ ವಾರ ಲೆಕ್ಕ ಹಾಕುತ್ತೇನೆ. ಟಪಾಲಿನ ವಾರಕ್ಕೆ ಕೂಡಿಬಂದದ್ದು ಹೆಚ್ಚುಪಾಲು ಸರಿ.

ಆಮೇಲೆ ಗುಪ್ತಲಿಪಿ. ಸಾಲುಸಾಲು ಅಂಕಿ, ಅದರ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಬಿಡಿಸಿದ ಪದಗಳು. ಯಾವ ಸಾಲು ಅಂಕಿಯಲ್ಲಿದೆ, ಯಾವುದು ಬಿಚ್ಚುಮಾತಿನಲ್ಲಿದೆ ಎಂದು ನಕಲಿನಲ್ಲಿ ಗೆರೆ ಎಳೆದುಕೊಳ್ಳಬೇಕು. ಅಚ್ಚಾದ ಸಂಪುಟಗಳು ಎಷ್ಟೋ ಸಲ ಈ ವ್ಯತ್ಯಾಸ ಅಳಿಸಿಬಿಡುತ್ತವೆ, ಅದೇ ನನ್ನ ತಕರಾರು. ವಿಯೆನ್ನಾದಲ್ಲಿ, ಹ್ಯಾನೋವರ್‌ನಲ್ಲಿ, ಲಂಡನ್ನಿನಲ್ಲೇ ಅಂಚೆಯ ಲಕೋಟೆ ಬಿಚ್ಚಿ, ನಕಲು ಮಾಡಿ, ಅರಗು ಮತ್ತೆ ಒತ್ತಿ ಕಳಿಸುತ್ತಿದ್ದರು. ಇದು ರಾಯಭಾರಿಗಳಿಗೂ ಗೊತ್ತಿತ್ತು. ಆದ್ದರಿಂದ ಸಾಮಾನ್ಯ ಟಪಾಲಿನಲ್ಲಿ ಬಿಚ್ಚುಮಾತಿನಲ್ಲಿ ಬಂದ ಶಾಂತಿಯ ಭರವಸೆ, ಕದ್ದು ಓದುವವನಿಗೆಂದೇ ಬರೆದದ್ದಿರಬಹುದು. ಖಾಸಾ ದೂತನ ಕೈಲಿ ಹೋದ ಪತ್ರಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಸರ್ಕಾರಿ ಪತ್ರ ಅತಿ ನಯವಾಗಿದ್ದರೆ ಅದೇ ದಿನದ ಖಾಸಗಿ ಪತ್ರ ಹುಡುಕುತ್ತೇನೆ. ಬ್ರಿಟನ್ನಿನ ಮಟ್ಟಿಗೆ ಬ್ರಿಟಿಷ್ ಲೈಬ್ರರಿಯಲ್ಲಿರುವ, ಆಗಿನ ಮಂತ್ರಿ ನ್ಯೂಕಾಸಲ್ ಡ್ಯೂಕನ ಕಾಗದಗಳಲ್ಲಿ ಅದು ಸಿಗುವ ಸಂಭವ ಹೆಚ್ಚು.