ನಂದಿಬಟ್ಟಲಿನ ಹುಳ ಸಾಕಿದ್ದು

ಮೈಸೂರಿನ ನಮ್ಮ ಮನೆ ಗೇಟಿನ ಪಕ್ಕ ಒಂದು ನಂದಿಬಟ್ಟಲು ಗಿಡ ಇದೆ. ಅಮ್ಮನ ಪೂಜೆಗೆ ಹೂವು ಅದರದ್ದೇ. ಒಂದು ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕೊಂಬೆಗಳು ಬೋಳಾಗತೊಡಗಿದವು. ಎಷ್ಟು ಹುಡುಕಿದರೂ ಹುಳ ಮಾತ್ರ ಕಾಣಲಿಲ್ಲ. ಕೊನೆಗೆ ಕಂಡದ್ದು ನೆಲದ ಮೇಲಿನ ಹಿಕ್ಕೆ, ಕಾಳುಮೆಣಸಿನಷ್ಟು ದಪ್ಪ. ಅದರ ನೇರಕ್ಕೆ ತಲೆ ಎತ್ತಿದರೆ ಬೆರಳು ಗಾತ್ರದ ಹಸಿರು ಹುಳ ಕೂತಿತ್ತು. ಇವತ್ತಿಗೂ ನಾನು ಹುಳ ಹುಡುಕುವುದು ಹೀಗೇ.

"ಕಂಬಳಿಹುಳ ಕಣೋ, ಮುಟ್ಬೇಡ" ಅಂದರು ಅಮ್ಮ. ಕಂಬಳಿ ಎಲ್ಲಿ ಬಂತು, ಮೈಮೇಲೆ ಒಂದು ಕೂದಲಿಲ್ಲ! ಮುಟ್ಟಿದರೆ ತುರಿಕೆಯೂ ಇಲ್ಲ. ಪಕ್ಕದಲ್ಲೊಂದು ಬಿಳಿ ಗೆರೆ, ಅದರ ಸುತ್ತ ರವೆ ಚೆಲ್ಲಿದ ಹಾಗೆ ಚುಕ್ಕೆ, ಹಿಂದೆ ಗಿಡ್ಡ ಹಳದಿ ಕೊಂಬು. ಕಡ್ಡಿ ತಾಗಿಸಿದರೆ ತಲೆ ಒಳಗೆಳೆದುಕೊಂಡು ಬೆನ್ನು ಉಬ್ಬಿಸುತ್ತದೆ. ಆಗ ಎರಡು ದೊಡ್ಡ ನೀಲಿ ಕಣ್ಣು ನಮ್ಮನ್ನೇ ಗುರಾಯಿಸುತ್ತವೆ. ಕಣ್ಣಲ್ಲ, ಬರೀ ಮಚ್ಚೆ. ನಾನೂ ಒಂದು ಹೆಜ್ಜೆ ಹಿಂದೆ ಸರಿದಿದ್ದೆ ಅನ್ನಿ.

ಇದು ಕಣಗಿಲೆ ಪತಂಗದ ಮರಿ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು, ಈಗಿನ ವೈಜ್ಞಾನಿಕ ಹೆಸರು ಡಾಫ್ನಿಸ್ ನೀರಿಯೈ. ನೀರಿಯಂ ಅಂದರೆ ಕಣಗಿಲೆ. ಕಣಗಿಲೆಯ ವಿಷದ ಹಾಲು ಇದಕ್ಕೆ ಏನೂ ಮಾಡುವುದಿಲ್ಲ. ನಿತ್ಯಪುಷ್ಪವನ್ನೂ ತಿನ್ನುತ್ತದೆ. ಆಫ್ರಿಕಾದಲ್ಲೂ ಇದೆ, ಬೇಸಿಗೆಯಲ್ಲಿ ಅಲ್ಲಿಂದ ಯುರೋಪಿನವರೆಗೂ ಹಾರಿ ಹೋಗುತ್ತದೆ.

ಹುಳವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ದಿನಾ ಹೊಸ ಎಲೆ ಹಾಕಿದೆ. ಒಂದು ಬೆಳಿಗ್ಗೆ ನೋಡಿದರೆ ಹಸಿರು ಹೋಗಿ ಕಂದು ಬಣ್ಣ. ಎಲೆ ಮುಟ್ಟದೆ ಡಬ್ಬಿಯೊಳಗೆ ಸುತ್ತುತ್ತಿತ್ತು. ಕಾಯಿಲೆ ಅಂದುಕೊಂಡೆ. ಪಾಪ, ಅದು ಕೋಶವಾಗಲು ತರಗೆಲೆ, ಮಣ್ಣು ಹುಡುಕುತ್ತಿತ್ತು. ಕೊನೆಗೆ ಬರಿ ಡಬ್ಬಿಯಲ್ಲೇ ಕೋಶವಾಯಿತು.

ಎರಡು ವಾರದ ಮೇಲೆ ಪತಂಗ ಬಂತು. ಆದರೆ ಹೊರಬಂದ ಪತಂಗ ಎಲ್ಲಾದರೂ ಹತ್ತಿ ರೆಕ್ಕೆ ಇಳಿಬಿಟ್ಟು ನೇತಾಡಬೇಕು. ಆಗಲೇ ರೆಕ್ಕೆಗಳಿಗೆ ರಸ ತುಂಬಿ ಅರಳುವುದು. ನುಣುಪು ಗೋಡೆಯಲ್ಲಿ ಅದು ಜಾರಿ ಜಾರಿ ಬಿದ್ದಿತ್ತು. ನಾನು ನೋಡುವಷ್ಟರಲ್ಲಿ ರೆಕ್ಕೆ ಮುದುಡಿ ಒಣಗಿತ್ತು. ಅದು ಹಾರಲೇ ಇಲ್ಲ. ತಪ್ಪು ನನ್ನದೇ.

ಮುಂದಿನ ಹುಳಕ್ಕೆ ಹಳೇ ರಟ್ಟಿನ ಪೆಟ್ಟಿಗೆ. ತಳಕ್ಕೆ ಮಣ್ಣು, ಮೇಲೆ ತರಗೆಲೆ, ಓರೆಯಾಗಿ ಎರಡು ಒರಟು ಕಡ್ಡಿ, ಬಾಯಿಗೆ ಸೊಳ್ಳೆಪರದೆ. ಈ ಸಲ ಹುಳ ತರಗೆಲೆಯ ಕೆಳಗೆ ಹೋಗಿ ನಾಲ್ಕು ನೂಲು ಸುತ್ತಿಕೊಂಡಿತು. ರೇಷ್ಮೆಗೂಡಿನಂಥ ಗಟ್ಟಿ ಗೂಡು ಅಲ್ಲ, ಸುಮ್ನೆ ಒಂದು ಮರೆ.

ಈ ಪತಂಗ ಹೊರಬಂದದ್ದು ರಾತ್ರಿ. ಬೆಳಿಗ್ಗೆ ಕಡ್ಡಿಯ ಮೇಲೆ ಅಂಗೈಯಗಲ ಕೂತಿತ್ತು. ಮಿಲಿಟರಿ ಬಟ್ಟೆಯ ಹಸಿರು, ನಡುವೆ ತೆಳು ಗುಲಾಬಿ ಪಟ್ಟೆ. ಹಗಲೆಲ್ಲ ಅಲುಗಲಿಲ್ಲ. ಕತ್ತಲಾದ ಮೇಲೆ ರೆಕ್ಕೆ ನಡುಗಿಸತೊಡಗಿತು. ಹಾರುವ ಮುಂಚೆ ಮೈ ಬಿಸಿ ಮಾಡಿಕೊಳ್ಳುವ ರೀತಿ ಅದು. ಹತ್ತಿರ ಹೋದರೆ ಗುಂಯ್ ಅನ್ನುವ ಸದ್ದು.

"ವರಾಂಡದ ಲೈಟ್ ಆರ್ಸು, ಪಾಪ ಅದಕ್ಕೇ ಬಡ್ಕೊಳ್ಳುತ್ತೆ" ಅಂದರು ಅಮ್ಮ. ಆರಿಸಿದೆ. ಗೇಟಿನ ಕಡೆ ಒಮ್ಮೆ ಸುತ್ತಿ ಮಲ್ಲಿಗೆ ಬಳ್ಳಿಯ ಮೇಲಿಂದ ಹೋಯಿತು.

ಈಗ ನಂದಿಬಟ್ಟಲಿನ ಹಿಂಬದಿಯ ಎರಡು ಕೊಂಬೆ ಹುಳಕ್ಕೆ, ಉಳಿದದ್ದು ದೇವರಿಗೆ. ಪಾಲು ಮಾಡಿದ್ದು ಅಮ್ಮನೇ.