ಮೂರು ವಾರ ಬಡವಾಗಿದ್ದ ನಕ್ಷತ್ರ

ನಾನು ಹಿಡಿದ ಮೊದಲ 'ಅತಿ ಬಡ' ನಕ್ಷತ್ರ ಮೂರು ವಾರ ಮಾತ್ರ ಅತಿ ಬಡವಾಗಿತ್ತು. ಆಮೇಲೆ ಬರೀ ಬಡವಾಯಿತು.

ಬಡತನ ಅಂದರೆ ಇಲ್ಲಿ ಲೋಹದ ಬಡತನ. ಖಗೋಳದವರಿಗೆ ಹೈಡ್ರೋಜನ್, ಹೀಲಿಯಂ ಬಿಟ್ಟು ಮಿಕ್ಕಿದ್ದೆಲ್ಲ ಲೋಹವೇ. ಆಮ್ಲಜನಕವನ್ನೂ ಲೋಹ ಅಂತೀವಿ ಅಂದಾಗ ಕೆಮಿಸ್ಟ್ರಿ ಓದಿದ ನನ್ನ ಅಕ್ಕ ಒಂದು ವಾರ ನಕ್ಕಿದ್ದಳು. ಅಳತೆಗೆ ಕಬ್ಬಿಣವನ್ನು ಇಟ್ಟುಕೊಳ್ಳುತ್ತೇವೆ. ಸೂರ್ಯನಿಗೆ ಸೊನ್ನೆ. ಮೈನಸ್ 3 ಅಂದರೆ ಸೂರ್ಯನ ಸಾವಿರದಲ್ಲಿ ಒಂದು ಪಾಲು ಕಬ್ಬಿಣ. ಅದಕ್ಕಿಂತ ಕೆಳಗಿದ್ದರೆ 'ಅತಿ ಬಡ'. ನನಗೆ ಬೇಕಿದ್ದದ್ದು ಅದೇ. ಲೋಹ ಇಷ್ಟು ಕಡಿಮೆ ಅಂದರೆ, ಮೊದಮೊದಲ ನಕ್ಷತ್ರಗಳು ಸಿಡಿದು ಲೋಹ ಚೆಲ್ಲಿದ ಸ್ವಲ್ಪ ಕಾಲದಲ್ಲೇ ಇದು ಹುಟ್ಟಿರಬಹುದು.

ಹುಡುಕಾಟ ಶುರುವಾಗಿದ್ದು ಚೀನಾದ ಲಾಮೋಸ್ಟ್ ದೂರದರ್ಶಕದವರು ಎಲ್ಲರಿಗೂ ಬಿಟ್ಟುಕೊಟ್ಟಿರುವ ಸ್ಪೆಕ್ಟ್ರಮ್‌ಗಳಿಂದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿಟ್ಟ ನಕ್ಷತ್ರದ ಬೆಳಕಿನಿಂದ. ಒಂದೊಂದು ಧಾತುವೂ ಅದರಲ್ಲಿ ತನ್ನದೇ ಜಾಗದಲ್ಲಿ ಕಪ್ಪು ಗೆರೆ ಬಿಟ್ಟಿರುತ್ತದೆ. ಈ ಸ್ಪೆಕ್ಟ್ರಮ್‌ಗಳು ಒರಟು, ಆದರೆ ರಾಶಿರಾಶಿ ಇವೆ. ನಾನು ನೋಡುತ್ತಿದ್ದದ್ದು 3934 ಆಂಗ್‌ಸ್ಟ್ರಾಂ (ಬೆಳಕಿನ ತರಂಗಾಂತರದ ಅಳತೆ) ಹತ್ತಿರದ ಕ್ಯಾಲ್ಸಿಯಂ ಗೆರೆಯನ್ನು. ಸೂರ್ಯನಲ್ಲಿ ಅದು ಬಾವಿಯಷ್ಟು ಆಳ, ಅಗಲ. ಬಡ ನಕ್ಷತ್ರದಲ್ಲಿ ಸಣ್ಣ ಗೀರು. ಆದರೆ ನಕ್ಷತ್ರ ತುಂಬಾ ಬಿಸಿ ಇದ್ದರೂ ಆ ಗೆರೆ ಸೊರಗುತ್ತದೆ. ಹಾಗಾಗಿ ಹೈಡ್ರೋಜನ್ ಗೆರೆಗಳನ್ನೂ ಜೊತೆಗೆ ನೋಡಿ ಬಿಸಿಯವನ್ನು ಬದಿಗೆ ಸರಿಸಬೇಕು. ಹೀಗೆ ಉಳಿದವುಗಳಲ್ಲಿ ಇದೂ ಒಂದು.

ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಆ ರಾತ್ರಿ ಹೊಸಕೋಟೆಯಲ್ಲಿ ಧೋ ಅಂತ ಮಳೆ, ಪರದೆಯ ಮೇಲೆ ಹಾನ್ಲೆಯ ಆಕಾಶ ನಿಚ್ಚಳ. ಕೊಡೆ ಹಿಡಿದು ನಕ್ಷತ್ರ ನೋಡೋಕೆ ಹೋಗುವುದು ಬೇರೆ ಯಾವ ಕೆಲಸದಲ್ಲಿದೆ ಹೇಳಿ! ಬೆಳಕನ್ನು ಸೂಕ್ಷ್ಮವಾಗಿ ಬಿಡಿಸುವ ಅಲ್ಲಿನ ಎಶೆಲ್ ಸ್ಪೆಕ್ಟ್ರೋಗ್ರಾಫ್‌ನಲ್ಲಿ ನಲವತ್ತು ನಿಮಿಷದ ಮೂರು ಎಕ್ಸ್‌ಪೋಶರ್ ತೆಗೆದೆ. ಎರಡು ಗಂಟೆ ಒಂದೇ ಸಲ ಬೆಳಕು ಹಿಡಿಯಬಾರದು. ಅಷ್ಟು ಎತ್ತರದಲ್ಲಿ ಕಾಸ್ಮಿಕ್ ಕಿರಣಗಳ ಚುಕ್ಕೆ ಜಾಸ್ತಿ. ಮೂರಿದ್ದರೆ ಹೋಲಿಸಿ ಅಳಿಸಬಹುದು. ತರಂಗಾಂತರದ ಅಳತೆಗೆ ಥೋರಿಯಂ-ಆರ್ಗಾನ್ ದೀಪದ ಚಿತ್ರವನ್ನೂ ತೆಗೆದೆ.

ಮುಂದಿನದು ಗುಮಾಸ್ತರ ಕೆಲಸ. ಸ್ಪೆಕ್ಟ್ರಮ್ ಚಪ್ಪಟೆ ಮಾಡುವುದು, ಕಬ್ಬಿಣದ ಗೆರೆಗಳನ್ನು ಒಂದೊಂದಾಗಿ ಅಳೆಯುವುದು. ಸೂರ್ಯನಲ್ಲಾದರೆ ಗೆರೆಗಳು ಒಂದರ ಮೈಮೇಲೆ ಒಂದು ಬಿದ್ದಿರುತ್ತವೆ. ಇಲ್ಲಿ ನೆಚ್ಚಬಹುದಾದವು ಮೂವತ್ತೂ ಸಿಗಲಿಲ್ಲ. ಅಳತೆಗಳನ್ನು ಕ್ರಿಸ್ ಸ್ನೆಡೆನ್ ಬರೆದ 'ಮೂಗ್' ಅನ್ನುವ, ಗೆರೆಯಿಂದ ಧಾತುವಿನ ಪ್ರಮಾಣ ಲೆಕ್ಕ ಹಾಕುವ ಪ್ರೋಗ್ರಾಂಗೆ ಕೊಡುತ್ತೇವೆ. "ಮೂಗಿಗೆ ಹಾಕಿದ್ಯಾ?" ಅನ್ನುವುದು ನಮ್ಮ ಕೋಣೆಯ ಹಳಸಲು ಜೋಕು. ಜೊತೆಗೆ ನಕ್ಷತ್ರದ ಉಷ್ಣತೆಯನ್ನೂ ಹೇಳಬೇಕು. ನಾನು ಬಣ್ಣದಿಂದ ಲೆಕ್ಕ ಹಾಕಿದೆ: 5950 ಕೆಲ್ವಿನ್. ಉತ್ತರ ಬಂತು: ಮೈನಸ್ 3.1. ಅವತ್ತು ಕೋಣೆಯವರಿಗೆಲ್ಲ ಮಸಾಲೆ ದೋಸೆ ಕೊಡಿಸಿದೆ.

ಒಂದು ಕಿರಿಕಿರಿ ಮಾತ್ರ ಉಳಿದಿತ್ತು. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಗೆರೆಗಳು ಮೈನಸ್ 2.85 ಅನ್ನುತ್ತಿದ್ದವು. ಇರುವುದೇ ಐದು ಗೆರೆ ಅಲ್ವಾ ಅಂತ ಸುಮ್ನಾದೆ. ಸುಮ್ನಾಗಬಾರದಿತ್ತು.

ಮೂರು ವಾರದ ನಂತರ ನಮ್ಮ ಗೈಡ್ ಮೇಡಂ ಸ್ಪೆಕ್ಟ್ರಮ್ ನೋಡುತ್ತಾ ಸೋಡಿಯಂ ಗೆರೆಗಳ ಹತ್ತಿರ ನಿಂತರು. "ಇದೇನಮ್ಮ ಇಲ್ಲಿ ನಾಲ್ಕಿವೆ?" ಇರಬೇಕಾದದ್ದು ಎರಡು, 5890 ಮತ್ತು 5896ರಲ್ಲಿ. ಈ ನಕ್ಷತ್ರ ಸೆಕೆಂಡಿಗೆ 180 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬರುತ್ತಿದೆ. ಹಾಗಾಗಿ ಅದರ ಗೆರೆಗಳು ಮೂರೂವರೆ ಆಂಗ್‌ಸ್ಟ್ರಾಂ ನೀಲಿ ಕಡೆ ಸರಿದಿದ್ದವು, ಕೂದಲೆಳೆಯಷ್ಟು ತೆಳ್ಳಗೆ. ಅವುಗಳ ಪಕ್ಕದಲ್ಲಿ, ಸರಿಯದೆ, ದಪ್ಪಗೆ ಇನ್ನೆರಡು. ಅವು ನಕ್ಷತ್ರದ್ದಲ್ಲ. ನಮಗೂ ಅದಕ್ಕೂ ನಡುವೆ ತೇಲುತ್ತಿರುವ ಅನಿಲದ್ದು. ಕಬ್ಬಿಣ ಇಲ್ಲದ ಜಾಗ ಅಂತ ನಾನು ಆ ಭಾಗವನ್ನು ತೆರೆದೇ ನೋಡಿರಲಿಲ್ಲ.

ಅನಿಲ ಇದ್ದಲ್ಲಿ ಧೂಳೂ ಇರುತ್ತದೆ. ಧೂಳು ನೀಲಿ ಬೆಳಕನ್ನು ಜಾಸ್ತಿ ತಡೆಯುತ್ತದೆ. ನಕ್ಷತ್ರ ಇರುವುದಕ್ಕಿಂತ ಕೆಂಪಗೆ, ಅಂದರೆ ತಣ್ಣಗೆ ಕಾಣುತ್ತದೆ. ತಣ್ಣಗಿದೆ ಅಂದುಕೊಂಡರೆ, ಅದೇ ಗೆರೆಗೆ ಕಡಿಮೆ ಕಬ್ಬಿಣ ಸಾಕು ಅನ್ನುತ್ತದೆ ಲೆಕ್ಕ. ಈ ಧೂಳಿನ ತಿದ್ದುಪಡಿಯನ್ನೇ ನಾನು ಮರೆತಿದ್ದೆ. ತಿದ್ದಿದ ಮೇಲೆ ಉಷ್ಣತೆ 6250ಕ್ಕೆ ಏರಿತು. ಹೈಡ್ರೋಜನ್‌ನ ಕೆಂಪು ಗೆರೆ ಹೆಚ್-ಆಲ್ಫಾದ ಅಂಚುಗಳೂ ಅದಕ್ಕೇ ಹೊಂದಿದವು. ಧೂಳು ಬಣ್ಣ ಕೆಡಿಸಬಹುದು, ಗೆರೆಯ ಆಕಾರ ಕೆಡಿಸಲಾರದು. ಈಗ ಮೊದಲು ಅದನ್ನೇ ನೋಡುತ್ತೇನೆ. ಎರಡು ಬಗೆಯ ಕಬ್ಬಿಣವೂ ಮೈನಸ್ 2.8ಕ್ಕೆ ಬಂದು ಕೂತವು. 'ಅತಿ' ಹೋಯಿತು. ದೋಸೆ ದುಡ್ಡು ವಾಪಸ್ ಕೊಡಿ ಅಂತ ಕೇಳುವ ಹಾಗಿಲ್ಲ.

ಆ ಸಂಜೆ ಬೇಜಾರಿನಲ್ಲೇ 6708ರ ಲಿಥಿಯಂ ಗೆರೆಯನ್ನು ಹೊಸ ಉಷ್ಣತೆಯಲ್ಲಿ ಮತ್ತೆ ಮೂಗಿಗೆ ಹಾಕಿದೆ. ಹಳೆಯ ಲೆಕ್ಕದಲ್ಲಿ ಲಿಥಿಯಂ ಪ್ರಮಾಣ 1.95 ಬಂದು (ಇದು ಸೂರ್ಯನಿಗೆ ಸೊನ್ನೆ ಇಡುವ ಮಾಪಕ ಅಲ್ಲ, ಹೈಡ್ರೋಜನ್‌ಗೆ 12 ಇಡುವ ಮಾಪಕ), ಯಾಕೆ ಕಡಿಮೆ ಅಂತ ತಲೆ ಕೆಡಿಸಿತ್ತು. ಈ ಸಲ 2.2. ಖಗೋಳ ವಿಜ್ಞಾನಿಗಳಾದ ಸ್ಪೈಟ್ ದಂಪತಿ 1982ರಲ್ಲಿ ಇಂಥ ಹಳೆಯ, ಬಿಸಿ ಕುಬ್ಜಗಳಲ್ಲೆಲ್ಲ (ಸೂರ್ಯನಂಥ ಸಣ್ಣ ನಕ್ಷತ್ರಗಳಲ್ಲೆಲ್ಲ) ಲಿಥಿಯಂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ ಅಂತ ತೋರಿಸಿದ್ದರು. ನನ್ನ ನಕ್ಷತ್ರ ಆ ಸಾಲಿನಲ್ಲೇ ಹೋಗಿ ನಿಂತಿತ್ತು.