ಲಂಡನ್ನಿನಲ್ಲಿ ಓದುವವರು ಶ್ರೀರಂಗಪಟ್ಟಣವನ್ನು ಹುಡುಕಿಕೊಂಡು ಹೋಗುವುದು ಹೇಗೆ

ಲಂಡನ್ನಿನ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಎಡವಟ್ಟಾಗುವುದೂ ಅಲ್ಲೇ. ದುಡ್ಡಿಲ್ಲವಲ್ಲ ಎಂದು ಶನಿವಾರ ಮಧ್ಯಾಹ್ನ ನುಗ್ಗಿದರೆ ಕಂಡದ್ದನ್ನೆಲ್ಲ ನೋಡಿ ಯಾವುದೂ ನೆನಪಿಲ್ಲದೆ ಕಾಲುನೋವಿನೊಂದಿಗೆ ವಾಪಸ್ಸು. ಒಂದು ಎಳೆ ಹಿಡಿದು ಹೊರಡಿ. ಕನ್ನಡನಾಡಿನಿಂದ ಬಂದವರಿಗೆ ಸಿದ್ಧವಾಗಿಯೇ ಒಂದು ಎಳೆ ಇದೆ: 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಹಡಗು ಹತ್ತಿದ ವಸ್ತುಗಳು.

ಮೊದಲು ಟಿಪ್ಪುವಿನ ಹುಲಿ, ಅಂದರೆ ಐರೋಪ್ಯನೊಬ್ಬನ ಮೇಲೆ ಎರಗಿದ ಹುಲಿಯ ಮರದ ಯಂತ್ರಬೊಂಬೆ. ಇದು ಸೌತ್ ಕೆನ್ಸಿಂಗ್‌ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. ಹೊರಡುವ ಹಿಂದಿನ ದಿನ ಮ್ಯೂಸಿಯಂನ ಜಾಲತಾಣದ ಸಂಗ್ರಹ ವಿಭಾಗದಲ್ಲಿ ಹುಲಿಯ ಪುಟ ತೆರೆದು, ಅದು ಈಗ ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿ ಎಂದು ನೋಡಿ. ಗ್ಯಾಲರಿ ನವೀಕರಣ ನಡೆದಾಗ, ಎರವಲು ಕೊಟ್ಟಾಗ ವಸ್ತುಗಳು ಜಾಗ ಬಿಡುತ್ತವೆ; ಹಳೆಯ ಪ್ರವಾಸಿ ಬರಹಗಳಲ್ಲಿನ ಕೋಣೆ ಸಂಖ್ಯೆಯನ್ನು ನಂಬಿದವರು ಮುಚ್ಚಿದ ಬಾಗಿಲು ನೋಡಿ ಬರುತ್ತಾರೆ. ಮ್ಯೂಸಿಯಂ ಬೆಳಿಗ್ಗೆ 10ರಿಂದ ಸಂಜೆ 5.45ರವರೆಗೆ, ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆ. ತರಗತಿ ಮುಗಿಸಿ ಹೋಗುವವರಿಗೆ ಶುಕ್ರವಾರದ ಸಂಜೆಯೇ ಸರಿ. ಟ್ಯೂಬ್ (ಲಂಡನ್ ಮೆಟ್ರೋ) ನಿಲ್ದಾಣದಿಂದ ಸುರಂಗ ಮಾರ್ಗವಿದೆ, ಮಳೆಯಲ್ಲಿ ನೆನೆಯಬೇಕಾಗಿಲ್ಲ.

ಹುಲಿಯ ಮುಂದೆ ನಿಂತರೆ ಸುತ್ತಲೂ ಒಂದು ಬಾರಿ ಬನ್ನಿ. ಮುಂದಿನಿಂದ ಕಾಣುವುದು ಬರೀ ಬಣ್ಣದ ಮರದ ಬೊಂಬೆ. ಪಕ್ಕದಿಂದ ನೋಡಿದಾಗಲೇ ಯಂತ್ರ ಅರ್ಥವಾಗುವುದು: ಉದ್ದ ಸುಮಾರು 178 ಸೆಂ.ಮೀ., ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದಿ, ಕೆಳಗೆ ಬಿದ್ದ ಐರೋಪ್ಯನ ಕೈ ಮೇಲೇಳುತ್ತ ನರಳಾಟ ಕೇಳಿಸುವ ವ್ಯವಸ್ಥೆ. ಹುಲಿಯ ಪಕ್ಕೆಯೊಳಗೆ 18 ಸ್ವರಗಳ ಪುಟ್ಟ ಆರ್ಗನ್. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಾದ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಬಂದವರೆಲ್ಲ ಹಿಡಿಕೆ ತಿರುಗಿಸಿ ಪಕ್ಕದಲ್ಲಿ ಓದುತ್ತಿದ್ದವರ ತಲೆ ತಿಂದಿದ್ದರು. ಈಗ ಯಾರೂ ಮುಟ್ಟುವಂತಿಲ್ಲ. ಗಾಜಿನಲ್ಲಿ ನಿಮ್ಮದೇ ಬಿಂಬ ಬೀಳದಂತೆ ಫೋಟೋ ತೆಗೆಯಲು ಫೋನನ್ನು ಗಾಜಿಗೆ ತಾಗುವಷ್ಟು ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿಯಿರಿ, ಫ್ಲಾಶ್ ಬೇಡ.

ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಮುಖ ಮತ್ತು ಹುಮಾ ಎಂಬ ಕಲ್ಪಿತ ಪಕ್ಷಿಯ ಆಕೃತಿ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಹುಲಿಮುಖಕ್ಕಾಗಿ ವಿಂಡ್ಸರ್ ಕೋಟೆಗೆ ಹೋಗಬೇಕು. ಇಲ್ಲಿ ಟಿಕೆಟ್ ಕೊಳ್ಳಬೇಕು, ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಗುರುತಿನ ಚೀಟಿ ಜೊತೆಗಿರಲಿ. ಮಂಗಳವಾರ, ಬುಧವಾರ ಕೋಟೆ ಮುಚ್ಚಿರುತ್ತದೆ. ಭಾನುವಾರ ಸೇಂಟ್ ಜಾರ್ಜ್ ಚಾಪೆಲ್ ಪ್ರವಾಸಿಗರಿಗಿಲ್ಲ, ಆದ್ದರಿಂದ ಗುರುವಾರ, ಶುಕ್ರವಾರ ಅಥವಾ ಸೋಮವಾರ ಹೋಗಿ.

ದುಡ್ಡು ಸೋರುವುದು ಪ್ರಯಾಣದಲ್ಲಿ. ವಾಟರ್ಲೂ ನಿಲ್ದಾಣದಿಂದ ವಿಂಡ್ಸರ್ ಅಂಡ್ ಈಟನ್ ರಿವರ್‌ಸೈಡ್‌ಗೆ ನೇರ ರೈಲಿದೆ. ಲಂಡನ್ನಿನ ಬಸ್ಸು, ಟ್ಯೂಬ್‌ಗೆ ತಟ್ಟುವ ಆಯ್ಸ್ಟರ್ ಕಾರ್ಡ್ ಅಲ್ಲಿ ನಡೆಯದು, ರೈಲ್ವೆ ಟಿಕೆಟ್ಟನ್ನೇ ಕೊಳ್ಳಿ. 16-25 ರೈಲ್‌ಕಾರ್ಡ್ (ಯುವಕರ ರೈಲು ರಿಯಾಯಿತಿ ಕಾರ್ಡ್) ಇದ್ದರೆ ಮೂರನೇ ಒಂದು ಭಾಗ ಕಡಿಮೆ (26 ದಾಟಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೂ ಸಿಗುತ್ತದೆ, ಬಹುಪಾಲು ಎಂಎಸ್ ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇರುವುದಿಲ್ಲ). ಆದರೆ ಜುಲೈ, ಆಗಸ್ಟ್ ಬಿಟ್ಟು ಉಳಿದ ತಿಂಗಳು, ವಾರದ ದಿನಗಳಲ್ಲಿ ಬೆಳಿಗ್ಗೆ 10ರ ಒಳಗೆ ಹೊರಟರೆ ಕನಿಷ್ಠ ದರ 12 ಪೌಂಡ್. ಹೀಗಾಗಿ ಸಣ್ಣ ದೂರಕ್ಕೆ ರಿಯಾಯಿತಿ ಆವಿಯಾಗುತ್ತದೆ. ಹತ್ತು ದಾಟಿದ ಮೇಲಿನ ರೈಲು ಹಿಡಿಯಿರಿ. ನಗರದೊಳಗೆ ಓಡಾಡಲು ರೈಲ್‌ಕಾರ್ಡನ್ನು ಆಯ್ಸ್ಟರ್‌ಗೆ ಜೋಡಿಸುವಂತೆ ಟ್ಯೂಬ್ ನಿಲ್ದಾಣದ ಸಿಬ್ಬಂದಿಯನ್ನು ಕೇಳಿ. ಆಫ್-ಪೀಕ್ (ದಟ್ಟಣೆಯಿಲ್ಲದ ಹೊತ್ತಿನ) ದರ ತಗ್ಗುತ್ತದೆ. ಬ್ಯಾಂಕ್ ಕಾರ್ಡ್ ಅಥವಾ ಫೋನ್ ತಟ್ಟಿದರೆ ಈ ಲಾಭವಿಲ್ಲ. ರೈಲ್‌ಕಾರ್ಡ್ ನವೀಕರಿಸಿದಾಗ ಮತ್ತೆ ಜೋಡಿಸಬೇಕು, ಅದು ತಾನಾಗಿ ಆಗುವುದಿಲ್ಲ.

ಸಮಯ ಉಳಿದ ದಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 33ಎ ಕೋಣೆಯ ಅಮರಾವತಿ ಶಿಲ್ಪಗಳನ್ನು (ಆಂಧ್ರದ ಬೌದ್ಧ ಸ್ತೂಪದವು, ನಮ್ಮ ಎಳೆಯಿಂದ ಆಚೆಗಿನವು) ನೋಡಿ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹೋದರೆ ಒಳಗೆ ಬಿಡುವುದಿಲ್ಲ. ಗ್ರೇಟ್ ರಸ್ಸೆಲ್ ಬೀದಿಯ ಮುಂಬಾಗಿಲಿನ ಸಾಲು ಉದ್ದವಿದ್ದರೆ ಹಿಂದಿನ ಮಾಂಟೆಗ್ಯೂ ಪ್ಲೇಸ್ ಬಾಗಿಲನ್ನೂ ನೋಡಿ. ಅಲ್ಲಿಂದ ಸಂಜೆ ಥೇಮ್ಸ್ ದಡಕ್ಕೆ ಇಳಿದರೆ, ಪಾರ್ಲಿಮೆಂಟಿನ ಎದುರು ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಅದಕ್ಕೆ ಟಿಕೆಟ್ಟೂ ಇಲ್ಲ, ಸಾಲೂ ಇಲ್ಲ.